ಕೊರಳಿಗೆ ಹಗ್ಗವಿಲ್ಲದ ಕರಿಯ

ಮಗಳು ಕ್ರೋಶಾದಲ್ಲಿ ಹೆಣೆದ ನಾಯಿಯನ್ನು ನನ್ನ ಕೈಗಿತ್ತಳು. ಉಲ್ಲನ್ನಿನ ವಾಸನೆ ಮೂಗಿಗೆ ಬಡಿದದ್ದೇ ಹೊಳೆಮಣ್ಣೂರಿನ ನಮ್ಮ ಮನೆ ನೆನಪಾಯಿತು.

ಮಲಪ್ರಭೆ ಏರಿ ಬಂದಾಗ ಅಪ್ಪ ಎಮ್ಮೆಗಳನ್ನು ಬಿಚ್ಚಿ ದಿಬ್ಬಕ್ಕೆ ಹೊಡೆದುಕೊಂಡು ಹೋದ. ಸಂಜೆಗೆ ಮರಳುತ್ತೇವೆಂದು ಅವ್ವ, ಜೋಳದ ಚೀಲ ಕಾಯಲಿ ಅಂತ, ನಾಯಿ ಕರಿಯನನ್ನು ಕಂಬಕ್ಕೆ ಕಟ್ಟಿದಳು. ಸಂಜೆಗೆ ದಾರಿಯೇ ಮುಳುಗಿತ್ತು; ನೀರಿಳಿದ ಮೇಲೆ ಹೋದೆವು. ಹಗ್ಗ ಹರಿದಿರಲಿಲ್ಲ. ಕರಿಯ ಅದರ ತುದಿಯಲ್ಲೇ ಸತ್ತು ಬಿದ್ದಿದ್ದ.

ನಾನು ಊಟ ಬಿಟ್ಟೆ. ಅವ್ವ ತನ್ನ ಕಪ್ಪು ಸ್ವೆಟರಿನ ನೂಲು ಬಿಚ್ಚಿ ಹೆಣೆಯಲು ಕೂತಳು. ಹರಿದ ಎಡಗಿವಿ, ಎದೆಯ ಬಿಳಿ ಮಚ್ಚೆ, ಬಾಚಣಿಗೆಯಿಂದ ಎಬ್ಬಿಸಿದ ಕೂದಲು, ಎಲ್ಲ ಕರಿಯನದೇ.

"ಯವ್ವಾ, ಕೊಳ್ಳಾಗ ಹಗ್ಗಾ ಹಾಕಿಲ್ಲಲ್ಲ?"

"ಇದನ್ನ ಎಲ್ಲೂ ಕಟ್ಟೂದು ಬ್ಯಾಡಪಾ," ಎಂದವಳು ತಲೆ ಎತ್ತಲಿಲ್ಲ.

ಮಗಳು ತನ್ನ ನಾಯಿಯ ಕೊರಳಿಗೆ ಕೆಂಪು ಪಟ್ಟಿ ಕಟ್ಟಿದ್ದಾಳೆ. ಅವಳು ಆಚೆ ಹೋದದ್ದೇ ನಾನು ಆ ಪಟ್ಟಿಯನ್ನು ಬಿಚ್ಚಿದೆ.