ಭುಜದ ಕೇಸು ಮತ್ತು ನನ್ನ ಬಾಯಿ

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಹೇಳಿಕೊಳ್ಳಲು ನಾಚಿಕೆಯಿಲ್ಲ. ಶಿಕಾರಿಪುರದಿಂದ ಸೊರಬದವರೆಗೆ ನಾನು ಗಾರೆ ಮೆತ್ತಿದ ಯಾವ ತಾರಸಿಯ ಒಳಮೈಯಿಂದಲೂ ಇವತ್ತಿನವರೆಗೆ ಒಂದು ಚಕ್ಕೆ ಉದುರಿಲ್ಲ. ಗೋಡೆಗೆ ಯಾರು ಬೇಕಾದರೂ ಮೆತ್ತಿಯಾರು. ತಾರಸಿಗಾದರೆ ತಲೆಯ ಮೇಲೆ ಕೈ ಎತ್ತಿ, ಕರಣೆಯಿಂದ ಗಾರೆ ಬೀಸಿ ಒಗೆಯಬೇಕು. ಅದಕ್ಕೆ ಭುಜವೇ ಬಂಡವಾಳ.

ಆ ಬಂಡವಾಳಕ್ಕೆ ಪೆಟ್ಟು ಬಿದ್ದದ್ದು ತೊಂಬತ್ತರ ದಶಕದ ನಡುವೆ. ಸೊರಬದಲ್ಲಿ ಕೆಲಸ ಮಾಡುವಾಗ ಹಲಗೆಯ ಮೊಳೆ ಕಾಲಿಗೆ ಹೊಕ್ಕಿತು. ಧನುರ್ವಾಯುವಿನ ಲಸಿಕೆಗೆಂದು ಒಂದು ಖಾಸಗಿ ದವಾಖಾನೆಗೆ ಹೋದೆ. ಕಾಂಪೌಂಡರ್ ಯಾರೊಂದಿಗೋ ಮಾತಾಡುತ್ತಲೇ, ತೋಳಿನ ದಪ್ಪ ಭಾಗ ಬಿಟ್ಟು ಭುಜದ ಕೀಲಿಗೇ ಸೂಜಿ ಇಳಿಸಿದ. ಕಾಲು ಮೂರು ದಿನಕ್ಕೆ ವಾಸಿಯಾಯಿತು. ಬಲಗೈ ಮಾತ್ರ ಕಿವಿಯ ಮಟ್ಟಕ್ಕೂ ಏಳದಾಯಿತು. ತಿಂಗಳುಗಟ್ಟಲೆ ಕಾದು ಶಿವಮೊಗ್ಗದ ಮೂಳೆ ಡಾಕ್ಟರಿಗೆ ತೋರಿಸಿದರೆ, ಲಸಿಕೆ ಕೀಲಿನೊಳಗೆ ಹೋಗಿ ಬಾವು ಬಂದಿದೆ ಎಂದು ಚೀಟಿ ಬರೆದುಕೊಟ್ಟರು.

ಅದನ್ನು ಹಿಡಿದು ಸೊರಬಕ್ಕೆ ಹೋದರೆ, ದವಾಖಾನೆಯ ವೈದ್ಯರು ಆ ಚೀಟಿ ಓದಲೂ ಇಲ್ಲ. “ಗಾರೆ ಕೆಲಸದೋನಿಗೆ ಭುಜ ನೋಯ್ದೆ ಇನ್ನೆಂಥ ನೋಯ್ತದೆ ಮಾರಾಯಾ? ಎಣ್ಣೆ ಹಚ್ಚು ಹೋಗು,” ಎಂದರು. ನೋವಿಗಿಂತ ಆ ಏಕವಚನ ಹೆಚ್ಚು ಚುಚ್ಚಿತು. ಮರುದಿನವೇ ಶಿಕಾರಿಪುರದ ವಕೀಲರೊಬ್ಬರ ಮನೆಗೆ ಹೋದೆ. ಅವರ ಮನೆಯ ಗಾರೆಯೂ ನನ್ನದೇ. ಗ್ರಾಹಕರ ನ್ಯಾಯಾಲಯಕ್ಕೆ ದೂರು ಬರೆದುಕೊಂಡ ಮೇಲೆ ಅವರು ಪೆನ್ನು ಕೆಳಗಿಟ್ಟರು.

“ನೋಡ್ರಿ ಮೇಸ್ತ್ರಿ, ಕೇಸು ಗಟ್ಟಿ ಐತಿ. ನಿಮ್ ಬಾಯಿದೇ ಭಯ. ಅಲ್ಲಿ ನಿಮ್ ಕೆಲಸ ಹೊಗಳ್ಕೋಬ್ಯಾಡ್ರಿ. ಕೈ ಏಳಲ್ಲ ಅಂತ ಅಷ್ಟೇ ಹೇಳ್ರಿ.”

“ನಾನ್ಯಾವಾಗ ಹೊಗಳ್ಕಂಡೀನ್ರೀ?”

ಒಳಗೆ ಅವರ ಹೆಂಡತಿ ನಕ್ಕದ್ದು ಕೇಳಿಸಿತು.

ಕೇಸು ವರ್ಷ ದಾಟಿತು. ಕೈಕಟ್ಟಿ ಕೂರುವ ಜಾತಿ ನನ್ನದಲ್ಲ. ನಮ್ಮ ದನದ ಕೊಟ್ಟಿಗೆಯಲ್ಲಿ ಎಡಗೈಗೆ ಕರಣೆ ಕೊಟ್ಟು ಕಲಿಸತೊಡಗಿದೆ. “ಗ್ವಾಡಿಗೆ ಹಚ್ತೀರೋ, ಮುಖಕ್ಕೆ ಹಚ್ಕಂತೀರೋ?” ಎಂದು ಹೆಂಡತಿ ದಿನವೂ ಕೇಳುತ್ತಿದ್ದಳು. ಆರು ತಿಂಗಳಿಗೆ ಎಡಗೈ ಪಳಗಿತು. ಒಂದು ದಿನದ ಕೆಲಸಕ್ಕೆ ಎರಡು ದಿನ ಹಿಡಿಯುತ್ತಿತ್ತು, ಅಷ್ಟೇ.

ವಿಚಾರಣೆಯ ದಿನ ಶಿವಮೊಗ್ಗದಲ್ಲಿ ಎದುರು ಪಕ್ಷದ ವಕೀಲರು ಬೆಲ್ಲದಂಥ ದನಿಯಲ್ಲಿ ಕೇಳಿದರು: “ಪಾಪ, ನಿಮ್ಮ ಕೆಲಸ ಈಗ ಮೊದಲಿನ ಹಾಗಿಲ್ಲವಂತೆ. ಮೆತ್ತಿದ್ದೆಲ್ಲ ಉದುರ್ತದಂತೆ, ಹೌದಾ?”

“ಯಾವನ್ರೀ ಹಂಗಂದೋನು? ಹೋದ ತಿಂಗಳು ಶಿರಾಳಕೊಪ್ಪದಾಗೆ ಪೂರಾ ತಾರಸಿ ನಾನೇ ಮೆತ್ತೀನಿ. ಒಂದು ಚೂರು ಉದುರಿದ್ರೆ ಮೀಸೆ ಬೋಳಿಸ್ಕಂತೀನಿ!”

ನಮ್ಮ ವಕೀಲರು ಹಣೆಗೆ ಕೈ ಹಚ್ಚಿದರು. ಎದುರಿನವರು, “ಇನ್ನು ನಾನು ಕೇಳೋದೇನೂ ಇಲ್ಲ ಸ್ವಾಮಿ,” ಎಂದು ಕೂತೇಬಿಟ್ಟರು.

ನ್ಯಾಯಾಲಯದ ಅಧ್ಯಕ್ಷರು ಕನ್ನಡಕ ಇಳಿಸಿ ನನ್ನನ್ನೇ ನೋಡಿದರು. “ಯಾವ ಕೈಯಲ್ಲಿ ಮೆತ್ತಿದ್ರಿ?”

“ಎಡಗೈಲಿ ಸಾರ್.”

“ನೀವು ಎಡಚರಾ?”

“ಅಲ್ಲ ಸಾರ್.”

“ಮತ್ತೆ ಬಲಗೈಗೆ ಏನಾಗಿದೆ?”

ಯಾವ ಮನೆ ಯಜಮಾನನ ಮುಂದೆಯೂ ‘ನನ್ನ ಕೈಲಾಗದು’ ಎಂದವನಲ್ಲ ನಾನು. ಆದರೆ ಆ ಮಾತು ಆಡದಿದ್ದರೆ ಕೇಸು ಮುಗಿಯಿತೆಂಬುದು ನನಗೂ ಗೊತ್ತಾಗುತ್ತಿತ್ತು.

“ಬಲಗೈಲಿ ಆಗದಿಲ್ಲ ಸಾರ್,” ಎಂದೆ. “ಅಂಗಿ ಬಿಚ್ಚಕ್ಕೂ ಆಗದಿಲ್ಲ. ಹೆಂಡ್ತಿ ತವರಿಗೆ ಹೋದ್ರೆ ಅದೇ ಅಂಗೀಲಿ ಎರಡು ದಿನ ಇರ್ತೀನಿ.”

ಅಲ್ಲಿದ್ದವರೆಲ್ಲ ನಕ್ಕರು. ಹೇಳಿ ಹಗುರಾಗಿದ್ದರಿಂದ ನಾನೂ ನಕ್ಕೆ. ಅಧ್ಯಕ್ಷರು ಮಾತ್ರ ನಗದೆ ಬರೆದುಕೊಂಡರು.

ಕೇಳಿದಷ್ಟು ಪರಿಹಾರ ಬರಲಿಲ್ಲ. ಆದರೆ ತಪ್ಪು ದವಾಖಾನೆಯದೇ ಎಂದು ಆದೇಶವಾಯಿತು. ಚಿಕಿತ್ಸೆಯ ಖರ್ಚು ಅವರ ಮೇಲೆ ಬಿತ್ತು. ನಾನು ಮೂಳೆ ಡಾಕ್ಟರ ಬಳಿ ವ್ಯಾಯಾಮಕ್ಕೆ ಹೋಗತೊಡಗಿದೆ. ಗೋಡೆಗೆ ಬೆರಳೂರಿ, ಹುಳ ಹತ್ತಿದ ಹಾಗೆ ಬಲಗೈಯನ್ನು ದಿನಕ್ಕಿಷ್ಟು ಮೇಲೇರಿಸಬೇಕು. ಮೊದಲ ದಿನವೇ ಕೇಳಿದೆ: “ಈ ಗ್ವಾಡಿಗೆ ಯಾರ್ ಸಾರ್ ಗಾರೆ ಹಾಕಿದ್ದು? ಬೆರಳಿಗೆ ತರಿ ತರಿ ಅಂತದೆ.”

“ಮೊದ್ಲು ಕೈ ಎತ್ರೀ ಮೇಸ್ತ್ರಿ,” ಎಂದರು ಡಾಕ್ಟರು.