ಭಾನುವಾರ ಬರೆದ ಶುಕ್ರವಾರ

ಉಡುಪಿ ಕಡೆಯಿಂದ ಬಂದು, ಚೆನ್ನೈ ಹತ್ತಿರದ ಪಲ್ಲಾವರಂನ ಹೋಟೆಲೊಂದರಲ್ಲಿ ಇಪ್ಪತ್ತೆರಡು ವರ್ಷ ಅಡುಗೆ ಮಾಡಿದ ಮೋನಪ್ಪ ನಾನು. ಕಂಡವರ ಸಾಂಬಾರಿಗೆಲ್ಲ ತಪ್ಪು ಹುಡುಕಿ ಹೆಸರಿಡುವುದು ನನ್ನ ಹುಟ್ಟುಗುಣ. ಹೆಂಡತಿ ಬೇಬಿಯ ಅಡುಗೆಯನ್ನೂ ಬಿಟ್ಟವನಲ್ಲ.

2004ರಲ್ಲಿ ಸಕ್ಕರೆ ಕಾಯಿಲೆಯಿಂದ ಕಾಲಿಗೆ ಹುಣ್ಣಾಗಿ ಮನೆಯಲ್ಲಿ ಕುಳಿತೆ. ಹುಣ್ಣು ಮಾಯಿತು, ನಾನು ಏಳಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಕಾಲು ಡೊಂಕು ಎಂದೆ. ಬೇಬಿ ಏನು ಬಡಿಸಿದರೂ ತುಟಿ ಪಿಟಕ್ಕೆನ್ನದೆ ತಿಂದೆ. ರುಚಿಯೇ ಗೊತ್ತಾಗುತ್ತಿರಲಿಲ್ಲ. ರುಚಿ ಹೋದ ಅಡುಗೆಯವನನ್ನು ಯಾವ ಹೋಟೆಲಿನವರು ಸೇರಿಸುತ್ತಾರೆ? ಅದೇ ನನ್ನ ಹೆದರಿಕೆ.

ಡಾಕ್ಟರು ಇದು ಖಿನ್ನತೆ ಎಂದರು. ಸಕ್ಕರೆ ಕಾಯಿಲೆಯವರಲ್ಲಿ ಹೊಸದೇನಲ್ಲವಂತೆ. ಮಾತ್ರೆಯ ಜೊತೆ ಒಂದು ಪುಸ್ತಕವನ್ನೂ ಕೊಟ್ಟರು. ದಿನಕ್ಕೊಂದು ಪುಟ: ಮನಸ್ಸು ಹೇಗಿತ್ತು, ಯಾವ ಸಣ್ಣ ಕೆಲಸ ಮಾಡಿದೆ ಎಂದು ಬರೆಯಬೇಕು. ಕ್ಲಿನಿಕ್ಕಿನ ಬೃಂದಾ, ಮೈಸೂರಿನ ಹುಡುಗಿ, ಪ್ರತಿ ಬುಧವಾರ ಫೋನ್ ಮಾಡಿ ಓದಿಸಿ ಕೇಳುತ್ತಿದ್ದಳು.

ಇಡ್ಲಿ ಹಿಟ್ಟನ್ನು ಹಿಂದಿನ ದಿನವೇ ರುಬ್ಬಿಟ್ಟು ಅಭ್ಯಾಸವಾದ ಕೈ ಇದು. ಪುಸ್ತಕಕ್ಕೂ ಅದೇ ಪದ್ಧತಿ ಹಿಡಿದೆ. ಭಾನುವಾರ ಕುಳಿತು ಇಡೀ ವಾರವನ್ನು ತುಂಬಿಸಿಬಿಟ್ಟೆ. ಬುಧವಾರ ಫೋನ್ ಬಂದಾಗ ಗತ್ತಿನಿಂದ ಓದುತ್ತಾ ಹೋದೆ: "ಶುಕ್ರವಾರ. ಮನಸ್ಸು ಬಹಳ ಪ್ರಸನ್ನ. ಸಂತೆಗೆ ನಡೆದು ಹೋಗಿ ಬೆಂಡೆಕಾಯಿ ತಂದೆ."

"ಮೋನಪ್ಪನವ್ರೇ, ಇವತ್ತಿನ್ನೂ ಬುಧವಾರ."

ನನ್ನ ಬೆಂಡೆಕಾಯಿ ಇನ್ನೂ ಗಿಡದಲ್ಲಿತ್ತು. ಬೈಗುಳಕ್ಕೆ ಕಾದೆ.

"ಈಗ ಹೇಗಿದೀರಾ? ಅಷ್ಟೇ ಹೇಳಿ" ಎಂದಳು.

"ಎಂತ ಹೇಳುದು ಮೇಡಂ, ಎಂತದೂ ಬೇಡ ಅಂತ ಆಗ್ತದೆ."

"ಅದನ್ನೇ ಇವತ್ತಿನ ಪುಟದಲ್ಲಿ ಬರೀರಿ. ಸಂತೆ ದೂರ ಆದ್ರೆ ಬೀದಿ ಕೊನೆವರೆಗೆ ಹೋದ್ರೂ ಸಾಕು."

ಶುಕ್ರವಾರ ಚಪ್ಪಲಿ ಮೆಟ್ಟಿದೆ. ಸಂತೆ ಮುಟ್ಟಲಿಲ್ಲ, ಬೀದಿ ತುದಿಯ ತರಕಾರಿ ಗಾಡಿಯ ಹತ್ತಿರವೇ ನಿಂತು ಸುಧಾರಿಸಿಕೊಂಡೆ. ಅಲ್ಲಿ ಒಂದೊಂದೇ ಬೆಂಡೆಕಾಯಿಯ ತುದಿ ಮುರಿದು ಆರಿಸಿ, ಗಾಡಿಯವಳಿಂದ ಚೆನ್ನಾಗಿ ಬೈಸಿಕೊಂಡು ಬಂದೆ.

ಬೇಬಿ ಸಾಂಬಾರು ಮಾಡಿದಳು. ಒಂದು ತುತ್ತು ತಿಂದೆ.

"ಹುಳಿ ಸ್ವಲ್ಪ ಜಾಸ್ತಿ ಆಯ್ತಲ್ಲ ಮಾರಾಯ್ತಿ."

ಬೇಬಿ ಸೌಟು ಹಿಡಿದುಕೊಂಡೇ ನಿಂತಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಏಳು ತಿಂಗಳಾಯ್ತು ಮಾರಾಯ್ರೆ, ನೀವು ನನ್ನ ಅಡುಗೆಗೆ ಹೆಸರಿಡದೆ. ಹೇಳಿ, ಇನ್ನು ಎಂತ ತಪ್ಪುಂಟು?"

ಕೇಳಿದಳಲ್ಲ ಎಂದು ಇನ್ನೂ ಐದು ತಪ್ಪು ಹೇಳಿದೆ. ಎಲ್ಲವನ್ನೂ ಶುಕ್ರವಾರದ ಪುಟದಲ್ಲಿ, ಶುಕ್ರವಾರವೇ ಬರೆದೆ.