ಸೇಲಂನಲ್ಲಿ ಸಿಕ್ಕ ಮುದ್ದೆಕೋಲು

“ಅದ್ರಾಗೆ ತಿರುವಿದ್ರೆ ಸೌಟು ಬಗ್ತೈತೆ, ಮುದ್ದೆ ಆಗಾಕಿಲ್ಲ!” ಸೇಲಂನ ಪಾತ್ರೆ ಅಂಗಡಿಯಲ್ಲಿ ಹಿಂದಿನಿಂದ ಕನ್ನಡ ಕೇಳಿ ತಿರುಗಿದೆ. ಕೊಡ ಆರಿಸುತ್ತಿದ್ದ ಅಜ್ಜಿಯೊಬ್ಬರು ಮುದ್ದೆಕೋಲು ಕೇಳಿದ್ದಕ್ಕೆ ಅಂಗಡಿಯವ ನನ್ನ ಕೈಗಿತ್ತಿದ್ದ ಸ್ಟೀಲ್ ಸೌಟನ್ನು ಕಿತ್ತು ಪಕ್ಕಕ್ಕಿಟ್ಟರು.

ಮಂಡ್ಯದಿಂದ ಬಂದು ಇಲ್ಲಿ ಮುದ್ದೆ ಹೋಟೆಲ್ ಇಡಲು ಹೊರಟ ನನಗೆ ಒಲೆ, ಹಂಡೆ, ಗ್ರೈಂಡರ್ ಎಲ್ಲ ಸುಲಭವಾಗಿ ಸಿಕ್ಕಿದ್ದವು. ದೊಡ್ಡ ಹಂಡೆಯ ಮುದ್ದೆ ತಿರುವುವ ಮರದ ಕೋಲು ಮಾತ್ರ ಯಾವ ಅಂಗಡಿಯಲ್ಲೂ ಇರಲಿಲ್ಲ.

“ನಾವು ತಲೆಮಾರಿನಿಂದ ಇಲ್ಲೇ ಇರೋ ಕನ್ನಡದ ನೇಯೋರು. ನಮ್ಮ ಮಗ್ಗದ ಆಚಾರಿ ಮಾಡ್ಕೊಡ್ತಾನೆ, ಬಾವ್ವ” ಎಂದು ಅಜ್ಜಿ ಕೈಹಿಡಿದು ಕರೆದೊಯ್ದರು. ಮಗ್ಗಕ್ಕೆಂದು ಇಟ್ಟಿದ್ದ ಗಟ್ಟಿ ಮರದಲ್ಲೇ ಆಚಾರಿ ನನ್ನ ಎದೆಮಟ್ಟದ ಕೋಲು ಕೆತ್ತಿಕೊಟ್ಟರು.

ಹೋಟೆಲಿನ ಮೊದಲ ಮುದ್ದೆಯನ್ನು ಅಜ್ಜಿಗೇ ಬಡಿಸಿದೆ. ಮುರಿದು ನೋಡಿ, “ಗಂಟಿಲ್ಲ” ಎಂದರು. ಪರವೂರಿನಲ್ಲಿ ಅದಕ್ಕಿಂತ ದೊಡ್ಡ ಲೈಸೆನ್ಸು ನನಗೆ ಬೇಕಿರಲಿಲ್ಲ.